ದನಿ ಕುಗ್ಗುವ ದಿಕ್ಕು

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಇದು ದೂರಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲಿಗೆ ಸೇರುವ ಅಳಿವೆಯ ಪಕ್ಕದ ನಮ್ಮ ಕೇರಿಯಲ್ಲಿ, ಮೆಲ್ಲಗೆ ಆಡಿದ ಮಾತು ಎದುರಿನವರ ಕಿವಿ ಮುಟ್ಟುವ ಮೊದಲೇ ಗಾಳಿಯ ಪಾಲಾಗುತ್ತಿತ್ತು. ಅಪ್ಪ ದೋಣಿಯಿಂದ ದೋಣಿಗೆ ಕೂಗಿ ಮಾತಾಡಿ ರೂಢಿಯಾದವನು. ಊಟಕ್ಕೆ ಕೂತು ಉಪ್ಪು ಕೇಳಿದರೂ ನೆರೆಮನೆಯ ನಾಯಿ ಎದ್ದು ನಿಲ್ಲುತ್ತಿತ್ತು. ಅವ್ವಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಯ ಮುಂದೆ ಕೂಗಿಕೊಂಡು ಹೋಗಿ, ಮಧ್ಯಾಹ್ನ ಬರಿ ಬುಟ್ಟಿಯೊಂದಿಗೆ ಮರಳುತ್ತಿದ್ದಳು. ಬುಟ್ಟಿಯನ್ನು ಹಿತ್ತಲಲ್ಲಿ ಇಳಿಸುತ್ತಿದ್ದಳು, ದನಿಯನ್ನು ಇಳಿಸಲು ಮರೆಯುತ್ತಿದ್ದಳು. ಬೈಗುಳ, ಮುದ್ದು, ಸಾರಿಗೆ ಹುಳಿ ಕಮ್ಮಿಯಾದ ವಿಚಾರ, ದೇವರಿಗೆ ಹೇಳಿಕೊಂಡ ಹರಕೆ, ಎಲ್ಲವೂ ಒಂದೇ ಎತ್ತರದಲ್ಲಿ ನಡೆಯುತ್ತಿದ್ದವು. ಯಾರಾದರೂ ದನಿ ತಗ್ಗಿಸಿದರೆ ನಾವು ಮಕ್ಕಳು ಹೆದರುತ್ತಿದ್ದೆವು. ಯಾರೋ ಸತ್ತಿರಬೇಕು, ಇಲ್ಲವೇ ಯಾರೋ ಏನನ್ನೋ ಮುಚ್ಚಿಡುತ್ತಿರಬೇಕು.

ಇಷ್ಟು ಬರೆದ ಮೇಲೆ ಅನುಮಾನ ಶುರುವಾಗುತ್ತದೆ. 'ನಾವು ಮಕ್ಕಳು' ಎಂದು ಬರೆದೆ. ಆ ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ. ತಮ್ಮ ಹುಟ್ಟಿದ್ದು ಇದೆಲ್ಲ ಮುಗಿದ ಎಷ್ಟೋ ದಿನಗಳ ಮೇಲೆ. ನಾಯಿ ಎದ್ದು ನಿಲ್ಲುತ್ತಿದ್ದುದು ನಿಜವೋ, ಅಥವಾ ಕಾಲೇಜಿನಲ್ಲಿ ಗೆಳತಿಯರನ್ನು ನಗಿಸಲು ನಾನೇ ಸೇರಿಸಿಕೊಂಡದ್ದೋ, ಈಗ ಬೇರ್ಪಡಿಸಲು ಆಗುತ್ತಿಲ್ಲ. ಹತ್ತೊಂಬತ್ತನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಏನೇ ನೆನಪಾದರೂ ಡೈರಿ ತೆಗೆದು ತಾಳೆ ನೋಡುವ ಚಟ ಇದೆ. ಆದರೆ ನನ್ನ ಆತ್ಮಕಥೆಯ ಈ ಅಧ್ಯಾಯಕ್ಕೆ ಬೇಕಾದ ದಿನಗಳು ಡೈರಿಗಿಂತ ಮೊದಲಿನವು. ಅವುಗಳ ಬಗ್ಗೆ ನಾನು ಆಮೇಲೆ ಬರೆದಿಟ್ಟದ್ದು ಒಂದಕ್ಕೊಂದು ಕೂಡುವುದಿಲ್ಲ. ಮೂರು ಸಲ ಈ ಅಧ್ಯಾಯ ಬರೆದು ಮೂರು ಸಲ ಹರಿದಿದ್ದೇನೆ.

ಮನೆ ಎಂದರೆ ಮೂರು ಭಾಗ. ಮುಂದೆ ಉದ್ದದ ಜಗಲಿ. ಅಲ್ಲಿ ಬಲೆ ತೂಗಿರುತ್ತಿತ್ತು, ಅದರ ಕೆಳಗೆ ಅಪ್ಪ ಮಲಗುತ್ತಿದ್ದ. ನಡುಮನೆಯಲ್ಲಿ ಅವ್ವಿ, ನಾನು ಮತ್ತು ಮಾದೇವಿ ಅತ್ತೆ. ಹಿಂದೆ ಅಡುಗೆಮನೆ, ಅದರ ಒಲೆ ಪೂರ್ತಿ ಆರಿದ್ದನ್ನು ನಾನು ನೋಡಿದ ನೆನಪಿಲ್ಲ. ರಾತ್ರಿ ಊಟವಾದ ಮೇಲೆ ಅವ್ವಿ ಕೆಂಡದ ಮೇಲೆ ಬೂದಿ ಎಳೆದು ಮುಚ್ಚುತ್ತಿದ್ದಳು. ಬೆಳಗಿನ ಜಾವ ಬೂದಿ ಸರಿಸಿ ಊದಿದರೆ ಗಂಜಿಗೆ ಬೆಂಕಿ ಸಿದ್ಧ. ಊಟವೂ ಹೆಚ್ಚು ಬದಲಾಗುತ್ತಿರಲಿಲ್ಲ. ಕುಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣಮೀನು, ದೋಣಿ ಒಳ್ಳೆಯದು ತಂದ ದಿನ ಬಂಗಡೆ ಸಾರು. ಜಗಲಿಯ ಗೋಡೆಯಲ್ಲಿ ಒಂದು ಮೊಳೆ, ಮೊಳೆಯಲ್ಲಿ ಒಂದು ಟವೆಲ್ಲಿನ ಗಂಟು, ಗಂಟಿನೊಳಗೆ ಪ್ಲಾಸ್ಟಿಕ್ ಕೊಟ್ಟೆ, ಕೊಟ್ಟೆಯೊಳಗೆ ರೇಡಿಯೋ.

ರೇಡಿಯೋವನ್ನು ಅಪ್ಪ ಭಟ್ಕಳದಿಂದ ತಂದಿದ್ದ. ಗಲ್ಫಿನಿಂದ ಮರಳಿದ್ದ ಒಬ್ಬ ಸಾಹೇಬರು ತಮ್ಮ ಅಂಗಡಿಯಲ್ಲಿ ಮಾರಿದ್ದು. ಅಪ್ಪನ ಜೊತೆ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಸಾಹೇಬರು ಮನೆಯವರ ಹತ್ತಿರ ನವಾಯತಿಯಲ್ಲಿ, ಗಿರಾಕಿಗಳ ಹತ್ತಿರ ಉರ್ದು ಬೆರೆಸಿದ ಕನ್ನಡದಲ್ಲಿ ಮಾತಾಡುತ್ತಿದ್ದರು.

"ಹಗಲಿಗೆ ನಿಮ್ದು ಸ್ಟೇಷನ್ ಬರ್ತದೆ. ರಾತ್ರಿ ಆದ್ಮೇಲೆ ಸಮುದ್ರದ ಆಚೆಯಿಂದು ಬರ್ತದೆ ನೋಡಿ, ಸಾಫ್."

"ಅಷ್ಟು ದೂರದ್ದು ಹೆಂಗೆ ಬತ್ತದೆ?" ಎಂದ ಅಪ್ಪ.

"ನಡುವೆ ನೀರೇ ಅಲ್ವಾ? ತಡಿಯೋರು ಯಾರಿದ್ದಾರೆ?"

ಅಪ್ಪನಿಗೆ ಆಚೆಯ ಹಾಡು ಬೇಕಿರಲಿಲ್ಲ. ರೇಡಿಯೋ ಅವನಿಗೆ ಹುಟ್ಟುಗೋಲು, ಹಗ್ಗಗಳ ಹಾಗೆ ದೋಣಿಯ ಸಾಮಾನು. ಹವಾಮಾನದ ಎಚ್ಚರಿಕೆ ಕೇಳುವುದಕ್ಕೆ ಎಲ್ಲರೂ ಇಟ್ಟುಕೊಳ್ಳುತ್ತಿದ್ದರು. ಆದರೆ ಅದರಿಂದ ಇನ್ನೊಂದು ಕೆಲಸವೂ ಆಗುತ್ತಿತ್ತು. ಚಳಿಗಾಲದ ಕೊನೆಯ ಬೆಳಗುಗಳಲ್ಲಿ ಕಡಲ ಮೇಲೆ ಮಂಜು ಕೂತರೆ ಮೂಡು ಯಾವುದು, ಪಡು ಯಾವುದು ಗೊತ್ತಾಗುವುದಿಲ್ಲ. ದಿಕ್ಸೂಚಿ ದೊಡ್ಡ ಬೋಟಿನವರ ಹತ್ತಿರ ಇತ್ತು, ನಮ್ಮಂಥ ಹುಟ್ಟು ಹಾಯಿಯ ದೋಣಿಯವರ ಹತ್ತಿರ ಇರಲಿಲ್ಲ. ಆಗ ಅಪ್ಪ ಬೆಳಗಿನ ಸ್ಟೇಷನ್ ಹಾಕಿ, ರೇಡಿಯೋವನ್ನು ಹೊಟ್ಟೆಗೆ ಆನಿಸಿ ಹಿಡಿದು, ನಿಂತಲ್ಲೇ ನಿಧಾನ ಸುತ್ತುತ್ತಿದ್ದ. ಸುತ್ತುವಾಗ ಒಂದು ಕಡೆ ದನಿ ತಟ್ಟನೆ ಕುಗ್ಗುತ್ತದೆ. ಆಗ ರೇಡಿಯೋದ ಉದ್ದ ಯಾವ ಕಡೆ ನೆಟ್ಟಿರುತ್ತದೋ ಸ್ಟೇಷನ್ ಆ ಗೆರೆಯ ಮೇಲೆ. ಸ್ಟೇಷನ್ ಘಟ್ಟದ ಮೇಲೆ, ಅಂದರೆ ಗೆರೆಯ ಒಂದು ತುದಿಯಲ್ಲಿ ನೆಲ. ಯಾವ ತುದಿ ಎಂಬುದನ್ನು ಅಲೆಯ ಉಬ್ಬು ನೋಡಿ ಹೇಳುತ್ತಿದ್ದ. ಇದನ್ನು ಅವನಿಗೆ ಯಾರು ಕಲಿಸಿದರೋ ಗೊತ್ತಿಲ್ಲ. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ತೋರಿಸಿದ್ದ. ಜೋರಾಗಿ ಕೇಳುವ ಕಡೆ ಅಲ್ಲ, ಕೇಳದೇ ಹೋಗುವ ಕಡೆ ನೋಡಬೇಕು ಎಂದಿದ್ದ. ಹಾಗಾಗಿ ಮನೆಯಲ್ಲಿ ರೇಡಿಯೋಗೆ ಕಟ್ಟುನಿಟ್ಟು. ಸಂಜೆ ಹವಾಮಾನ, ವಾರ್ತೆ, ಅಷ್ಟೇ. ಸೆಲ್ಲು ದೋಣಿಗಾಗಿ ಉಳಿಯಬೇಕು.

ಮಾದೇವಿ ಅತ್ತೆ ಅಪ್ಪನ ತಂಗಿ. ಕುಮಟಾ ಕಡೆಯ ಹಿರೇಗುತ್ತಿಗೆ ಮದುವೆಯಾಗಿ ಹೋಗಿ, ಎರಡನೆಯ ವರ್ಷದಲ್ಲಿ ಒಂದು ಟ್ರಂಕು ಹಿಡಿದು ವಾಪಸು ಬಂದಿದ್ದಳು. ಜಗಳ ಏನೆಂದು ನನಗೆ ಯಾರೂ ಹೇಳಲಿಲ್ಲ. ಮಾವನ, ಅಂದರೆ ಅತ್ತೆಯ ಗಂಡನ, ಅಣ್ಣ ಎರಡು ಸಲ ಕರೆಯಲು ಬಂದ. ಎರಡು ಸಲವೂ ಅಪ್ಪ ಜಗಲಿಯಲ್ಲೇ ನಿಂತು, ಕೇರಿಗೆಲ್ಲ ಕೇಳುವ ಹಾಗೆ ಕಳಿಸಿದ.

"ಗಂಡ ಅನ್ನಿಸಿಕೊಂಡಂವ ಬರ್ಲಿ. ಅಣ್ಣನ್ನ ಕಳಿಸ್ತಾನಾ? ನನ್ನ ತಂಗಿ ಇಲ್ಲೇ ಇರ್ತದೆ. ಗಂಜಿ ಹಾಕೂಕೆ ನಾ ಸತ್ತಿಲ್ಲ."

ಅತ್ತೆ ಆಗ ಅಡುಗೆಮನೆಯಲ್ಲಿ ಬಂಗಡೆ ಹೆಚ್ಚುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಅಪ್ಪ ಮನೆಯಲ್ಲಿ ಮಲಗುವ ರಾತ್ರಿಗಳಲ್ಲಿ ಎಂಟಕ್ಕೆಲ್ಲ ಗೊರಕೆ ಶುರುವಾಗುತ್ತಿತ್ತು. ಅವ್ವಿಯದು ಒಂಬತ್ತಕ್ಕೆ. ಹತ್ತೂವರೆಯ ಹೊತ್ತಿಗೆ ಅತ್ತೆ ಎದ್ದು, ಮೊಳೆಯಿಂದ ಗಂಟು ಇಳಿಸಿ, ನಡುಮನೆಗೆ ತರುತ್ತಿದ್ದಳು. ನಮ್ಮಿಬ್ಬರ ತಲೆಗಳ ನಡುವೆ ರೇಡಿಯೋ, ಅದರ ಮೇಲೆ ಕಂಬಳಿ. ದನಿ ಎಷ್ಟು ಸಣ್ಣದೆಂದರೆ ಉಸಿರು ಬಿಟ್ಟರೆ ಹಾಡು ತಪ್ಪುತ್ತಿತ್ತು. ಸಾಹೇಬರು ಹೇಳಿದ್ದು ಸುಳ್ಳಲ್ಲ, ನೀರಿನಾಚೆಯಿಂದ ಒಂದು ಸ್ಟೇಷನ್ ಬರುತ್ತಿತ್ತು. ಇಂಗ್ಲಿಷ್ ಹಾಡುಗಳು. ಕುಣಿಸುವಂಥವಲ್ಲ. ನಿಧಾನದ ತಾಳ, ಎದೆಯ ಒಳಗೇ ಬಾರಿಸಿದ ಹಾಗೆ ದಪ್ಪ ತಂತಿಯ ನಾದ, ಅದರ ಮೇಲೆ ಗಂಟಲಿನ ತಳದಿಂದ ಹಾಡುವ ಒಬ್ಬ ಗಂಡಸು. ಅವನ ಹಿಂದೆ ಎರಡು ಮೂರು ಹೆಂಗಸರು, ಅವನು ಹೇಳಿದ್ದಕ್ಕೆಲ್ಲ ಹೌದು ಹೌದು ಎನ್ನುವ ಹಾಗೆ. ಹಾಡು ಮುಗಿದರೆ ಇನ್ನೊಬ್ಬ ಗಂಡಸು ಮಾತಾಡುತ್ತಿದ್ದ, ಅವನೂ ಹಾಗೆಯೇ, ನಿದ್ದೆ ಬಾರದ ಯಾರೋ ಒಬ್ಬರ ಪಕ್ಕ ಕೂತು ಮಾತಾಡಿದಂತೆ. ಸ್ಟೇಷನ್ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ದೂರ ಸರಿಯುತ್ತಿತ್ತು. ದೂರ ಹೋದಾಗ ಅತ್ತೆ ತಿರುಪು ಮುಟ್ಟುತ್ತಿರಲಿಲ್ಲ. ಮತ್ತೆ ಬರುವುದೆಂದು ಅವಳಿಗೆ ಗೊತ್ತಿತ್ತು.

ನನಗೆ ಇಂಗ್ಲಿಷಿನ ಒಂದು ಪದವೂ ತಿಳಿಯದು. ಅತ್ತೆಗೂ ತಿಳಿಯದು.

"ಎಂತ ಹೇಳ್ತಾನೆ ಅತ್ತೆ ಅಂವ?"

"ಕೇಳ್ತಾ ಇದ್ದಾನೆ."

"ಎಂತ ಕೇಳ್ತಾ ಇದ್ದಾನೆ?"

"ಬಾ ಅಂತ."

"ಎಲ್ಲಿಗೆ?"

"ಎಲ್ಲಿಗಾದ್ರೆ ಎಂತ. ಸುಮ್ಮನೆ ಕೇಳು, ಮಾರಾಯ್ತಿ."

ನನಗೆ ಆಗ ಹನ್ನೊಂದೋ ಹನ್ನೆರಡೋ. ಒಬ್ಬ ಗಂಡಸು ಹೀಗೆ ದನಿ ತಗ್ಗಿಸಿ ಅಂಗಲಾಚಬಲ್ಲ ಎಂಬುದೇ ನನಗೆ ಹೊಸ ಸುದ್ದಿ. ನಾನು ಕಂಡ ಗಂಡಸರು ಕರೆಯುತ್ತಿದ್ದರು, ಕೇಳಿಕೊಳ್ಳುತ್ತಿರಲಿಲ್ಲ. ಇಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ, ಆದರೂ ದನಿ ಮೆಲ್ಲಗಿತ್ತು. ಆ ದನಿಯಿಂದಾಗಿ ನಾನು ಏನೇನು ಹಾಳುಮಾಡಿಕೊಂಡೆ ಎಂಬುದೇ ಒಂದು ಬೇರೆ ಅಧ್ಯಾಯ ಆಗಬಹುದು. ಮೆಲ್ಲಗೆ ಮಾತಾಡುವವರೆಲ್ಲ ಒಳ್ಳೆಯವರು ಎಂದು ನಂಬಿ ಕನಿಷ್ಠ ಇಬ್ಬರಿಂದ ಪೆಟ್ಟು ತಿಂದೆ. ಕುಮಟಾದ ಕಾಲೇಜಿನಲ್ಲಿ ಪಾಠ ಮಾಡುವಾಗ ನನ್ನ ದನಿ ಮೂರನೆಯ ಬೆಂಚು ದಾಟುವುದಿಲ್ಲ ಎಂದು ಪ್ರತಿವರ್ಷ ಹುಡುಗರು ದೂರು ಕೊಟ್ಟರು. ಮೀನು ಮಾರುವವಳ ಮಗಳಿಗೆ ದನಿಯಿಲ್ಲವೇ ಎಂದು ಪ್ರಾಚಾರ್ಯರು ತಮಾಷೆ ಮಾಡಿದ್ದೂ ಉಂಟು. ಅದು ಹೋಗಲಿ.

ಆ ಹಾಡುಗಳಿಗೆ ಸೆಲ್ಲು ಬೇಕಿತ್ತು. ಸೆಲ್ಲು ದೋಣಿಯದು. ಬಿಸಿ ತಾಗಿದರೆ ಸತ್ತ ಸೆಲ್ಲಿಗೂ ಒಂದಿಷ್ಟು ಹೊತ್ತು ಜೀವ ಬರುತ್ತದೆ ಎಂಬುದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೇರೆಯವರು ಮೀನು ಒಣಗಿಸುವ ಚಾಪೆಯ ಮೂಲೆಯಲ್ಲಿ ಬಿಸಿಲಿಗೆ ಇಡುತ್ತಿದ್ದರು. ನಾವು ಕಳ್ಳರು, ಬಿಸಿಲಿಗೆ ಇಡುವಂತಿಲ್ಲ. ಅತ್ತೆ ಒಲೆಯ ಬದಿಯ ಬೆಚ್ಚಗಿನ ಬೂದಿಯಲ್ಲಿ ನಾಲ್ಕೂ ಸೆಲ್ಲು ಹೂತಿಟ್ಟು, ತೆಗೆದು, ಸೆರಗಿನಲ್ಲಿ ಒರೆಸಿ, ವಾಪಸು ಹಾಕುವುದನ್ನು ಕಲಿಸಿದಳು. ಕೆಂಡಕ್ಕೆ ತಾಗಬಾರದು, ಕೈ ಸಹಿಸುವಷ್ಟೇ ಬಿಸಿ. ಅಪ್ಪ ಸಂಜೆ ಹಾಕಿ ನೋಡಿದರೆ ದನಿ ಗಟ್ಟಿಯಾಗಿರುತ್ತಿತ್ತು. ಹಲವು ಸಲ ನಮ್ಮ ಆಟ ನಡೆಯಿತು. ಹೊಸ ಸೆಲ್ಲು ಬಂದಾಗ ನಾವಿಬ್ಬರೂ ಹಗುರಾದೆವು.

ಇನ್ನೂ ಒಂದು ಮಾತನ್ನು ಹೇಳಬೇಕು. ಅತ್ತೆ ನಿದ್ದೆ ಹೋದ ಮೇಲೆ ನಾನೊಬ್ಬಳೇ ಹಾಕಿ ಕೇಳಿದ ರಾತ್ರಿಗಳೂ ಇದ್ದವು. ಎಷ್ಟೆಂದು ಗೊತ್ತಿಲ್ಲ. ಇದು ಅತ್ತೆಗೆ ಗೊತ್ತಿರಲಿಲ್ಲ ಎಂದು ನಾನು ತಿಳಿದಿದ್ದೆ.

ಆ ದಿನ ಅಪ್ಪ, ಹೊನ್ನಪ್ಪ ಮಾಮನ ಜೊತೆ, ಬೆಳಗಿನ ಜಾವ ಹೋದ. ಹೊನ್ನಪ್ಪ ಮಾಮ ಪಕ್ಕದ ಮನೆಯವನು, ಅಪ್ಪನ ದೋಣಿಯ ಜೊತೆಗಾರ, ನೆಂಟನಲ್ಲ. ಹಿಂದಿನ ಸಂಜೆ ಅಪ್ಪ ರೇಡಿಯೋ ಹಾಕಿ ನೋಡಿದ್ದ. ದನಿ ಗಟ್ಟಿಯಾಗಿತ್ತು. ಬೆಳಕು ಹರಿಯುವಾಗ ಮಂಜು ಬಿತ್ತು. ಅಂಗಳದಿಂದ ನೋಡಿದರೆ ತೆಂಗಿನ ಮರದ ಬುಡ ಕಾಣುತ್ತಿತ್ತು, ತಲೆ ಇಲ್ಲ. ಎಂಟಕ್ಕೆ ಬೇರೆ ದೋಣಿಗಳು ಒಂದೊಂದಾಗಿ ಅಳಿವೆ ದಾಟಿ ಒಳಗೆ ಬಂದವು. ಹತ್ತಕ್ಕೆ ಬಿಸಿಲು ಬಂತು. ಅಪ್ಪನ ದೋಣಿ ಬರಲಿಲ್ಲ. ಮಧ್ಯಾಹ್ನ ಇಬ್ಬರು ಹುಡುಕಲು ಹೋಗಿ ಬರಿಗೈಯಲ್ಲಿ ಬಂದರು. ಅವ್ವಿ ಅಳಿವೆಯ ಮರಳ ದಿಬ್ಬದ ಮೇಲೆ ನಿಂತು ಅಪ್ಪನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೊಂದೇ ಸಲ. ಇದರಲ್ಲಿ ಅನುಮಾನವಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡಿದರು.

ಮರುದಿನ ಬೆಳಿಗ್ಗೆ ಭಟ್ಕಳದ ಕಡೆಯಿಂದ ಬಂದ ಲಾರಿಯಿಂದ ಇಬ್ಬರೂ ಇಳಿದರು. ಬಲೆಯನ್ನು ಕಡಲಲ್ಲೇ ಬಿಟ್ಟಿದ್ದರು. ದೋಣಿ ಭಟ್ಕಳದ ಬಂದರಿನಲ್ಲಿತ್ತು. ಅಪ್ಪನ ತುಟಿ ಒಡೆದಿತ್ತು. ಅವನು ನೀರು ಕುಡಿದು ಜಗಲಿಯಲ್ಲಿ ಕೂತ. ನಡೆದದ್ದನ್ನು ಹೇಳಿದವನು ಹೊನ್ನಪ್ಪ ಮಾಮ.

"ಮಂಜಿನಾಗೆ ನಿಮ್ಮಪ್ಪ ರೇಡಿಯೋ ಹಿಡ್ಕೊಂಡು ಸುತ್ತಿದ. ಶುರುವಿಗೆ ಚೆನ್ನಾಗೇ ಕೇಳ್ತಿತ್ತು. ಸುತ್ತುತ್ತಾ ಸುತ್ತುತ್ತಾ ದನಿ ಕುಗ್ಗೂಕೆ ಹತ್ತಿತು. 'ಸಿಕ್ತು' ಅಂದ. ನಾವು ಆ ಕಡೆ ಹುಟ್ಟು ಹಾಕಿದ್ವು. ಹಾಕಿದ್ವು, ಹಾಕಿದ್ವು, ನೆಲ ಎಲ್ಲಿ? ಮಂಜು ಹರಿದಾಗ ನೋಡಿದ್ರೆ ಎದುರಿಗೆ ನಡುಗಡಲಾಗಿನ ನೇತ್ರಾಣಿ ಗುಡ್ಡ. ಆಮೇಲೆ ಗಾಳಿ ಎಲ್ಲಿಗೆ ತಳ್ಳಿತೋ ಅಲ್ಲಿಗೆ."

ದನಿ ಕುಗ್ಗಿದ್ದು ದಿಕ್ಕಿನಿಂದಲ್ಲ. ಸೆಲ್ಲು ಸಾಯುತ್ತಿತ್ತು. ಸೆಲ್ಲು ಮೊದಲೇ ಸತ್ತಿದ್ದರೆ ಅಪ್ಪ ಹಿಂದಿನ ಸಂಜೆಯೇ ಅಂಗಡಿಗೆ ಹೋಗುತ್ತಿದ್ದ. ಕಡಲಲ್ಲಿ ಪೂರ್ತಿ ಸತ್ತಿದ್ದರೂ ಮಂಜು ಹರಿಯುವವರೆಗೆ ಕಾಯುತ್ತಿದ್ದ. ಬೂದಿಯಲ್ಲಿ ಕಾಯಿಸಿದ ಸೆಲ್ಲು ಅವನನ್ನು ನಂಬಿಸಿ, ಅವನಿಗೇ ಗೊತ್ತಿದ್ದ ವಿದ್ಯೆಯಿಂದ ಅವನನ್ನು ದಾರಿ ತಪ್ಪಿಸಿತು. ಅಪ್ಪ ಇದನ್ನು ದಾರಿಯಲ್ಲೇ ಲೆಕ್ಕ ಹಾಕಿ ಮುಗಿಸಿದ್ದ. ರೇಡಿಯೋದ ಬೆನ್ನು ಬಿಚ್ಚಿ, ಸೆಲ್ಲುಗಳನ್ನು ಅಂಗೈಗೆ ಸುರಿದುಕೊಂಡು ತೋರಿಸಿದ. ಸಂದಿಯಲ್ಲಿ ಬೂದಿ ಇತ್ತು.

"ಯಾರು?"

ಅವನು ಕೂಗಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ಅವ್ವಿ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿದಳು.

"ನಾನೇ ಅಣ್ಣ," ಎಂದಳು ಅತ್ತೆ. "ಹಾಡು ಕೇಳೂಕೆ."

"ಹಾಡಾ?" ಎಂದಳು ಅವ್ವಿ. ಅವಳ ದನಿ ಮರಳಿ ಬಂದಿತ್ತು. "ಇವ್ರು ನಡುಗಡಲಾಗೆ ಸಾಯೂಕೆ ಬಿದ್ದಾರೆ, ಇದ್ಕೆ ಹಾಡು. ಗಂಡನ ಮನೆಯಾಗೆ ಬಾಳೂಕೆ ಆಗದೇ ಬಂದದ್ದು ನಮ್ಮ ಮನೆ ದೀಪ ಆರಿಸೂಕಾ?"

ಅಪ್ಪ ಸೆಲ್ಲುಗಳನ್ನು ಅಂಗಳಕ್ಕೆ ಎಸೆದ. ಹದಿನೈದು ದಿನದ ಮೇಲೆ ಹಿರೇಗುತ್ತಿಯಿಂದ ಮಾವನ ಅಣ್ಣ ಮೂರನೆಯ ಸಲ ಬಂದ. ಈ ಸಲವೂ ಗಂಡ ಬಂದಿರಲಿಲ್ಲ. ಅಪ್ಪ ಜಗಲಿಯಿಂದ ಎದ್ದು ಹೊಸ ಬಲೆಯ ಹಿಂದೆ ಹೋಗಿ ನಿಂತ. ಅಷ್ಟೇ, ಬೇಡ ಎನ್ನಲಿಲ್ಲ. ಅತ್ತೆ ಟ್ರಂಕು ತಂದಳು. ಹೋಗುವಾಗ ನನ್ನ ಕೆನ್ನೆ ಹಿಂಡಿದಳು, ಏನೋ ಹೇಳಿದಳು. ಏನು ಹೇಳಿದಳು ಎಂಬುದು ನನ್ನ ಮೂರು ಡೈರಿಗಳಲ್ಲಿ ಮೂರು ಬಗೆಯಾಗಿದೆ.

ಡೈರಿಗಳ ವಿಷಯಕ್ಕೆ ಬಂದರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಧಾರವಾಡದ ಹಾಸ್ಟೆಲಿನಲ್ಲಿ ಬರೆದ ಮೊದಲ ಡೈರಿಯಲ್ಲಿ ಸ್ಪಷ್ಟವಾಗಿದೆ: 'ಆ ಸಂಜೆ ಬೂದಿಯಲ್ಲಿ ಸೆಲ್ಲು ಇಟ್ಟವಳು ನಾನು. ಅತ್ತೆ ನನಗಾಗಿ ಸುಳ್ಳು ಹೇಳಿದಳು.' ಮೂವತ್ತೈದನೆಯ ವಯಸ್ಸಿನ ಡೈರಿಯಲ್ಲಿ: 'ಅತ್ತೆಯೇ ಇಟ್ಟಿದ್ದಳು. ನಾನು ನೋಡಿ ಸುಮ್ಮನಿದ್ದೆ.' ಅವ್ವಿ ಸತ್ತ ವರ್ಷದ ಡೈರಿಯಲ್ಲಿ, ಇಬ್ಬರೂ ಸೇರಿ ಇಟ್ಟೆವು, ಅತ್ತೆ ಎರಡು ಹೂತಳು ನಾನು ಎರಡು, ಎಂದಿದೆ. ನನ್ನ ಬೆರಳುಗಳಿಗೆ ಬೂದಿಯ ನೆನಪಿದೆ. ಆದರೆ ಅದು ಯಾವ ಸಂಜೆಯ ಬೂದಿ? ನಾನು ಎಷ್ಟೋ ಸಂಜೆ ಬೂದಿಗೆ ಕೈ ಹಾಕಿದ್ದೇನೆ. ವಿದ್ಯಾರ್ಥಿಗಳ ಪ್ರಬಂಧದಲ್ಲಿ ಹೀಗೆ ಮೂರು ಹೇಳಿಕೆ ಕಂಡಿದ್ದರೆ ಕೆಂಪು ಗೆರೆ ಎಳೆದು ವಾಪಸು ಕೊಡುತ್ತಿದ್ದೆ.

ಧಾರವಾಡದಲ್ಲಿ ಇನ್ನೊಂದು ನಿರಾಸೆಯೂ ಕಾದಿತ್ತು. ಇಂಗ್ಲಿಷ್ ಕಲಿತೆ. ಒಬ್ಬ ಗೆಳತಿಯ ಅಣ್ಣ ಕೊಟ್ಟ ಕ್ಯಾಸೆಟ್ಟಿನಲ್ಲಿ ಅದೇ ಜಾತಿಯ ಹಾಡುಗಳಿದ್ದವು. ಅವಕ್ಕೆ ಸೋಲ್ ಸಂಗೀತ ಎನ್ನುತ್ತಾರೆಂದು ಆಗ ತಿಳಿಯಿತು. ಆತ್ಮದ ಸಂಗೀತವೆಂದರೆ ಏನೇನು ಮಾತು ಇರಬಹುದು ಎಂದು ಕಿವಿಯಿಟ್ಟು ಕೂತೆ. ಬಾ, ಹೋಗಬೇಡ, ನೀನಿಲ್ಲದೆ ರಾತ್ರಿ ಉದ್ದ, ಬಾ. ಅಷ್ಟೇ. ನಾಲ್ಕು ಮಾತನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಿದ್ದರು. ನಾನು ಕ್ಯಾಸೆಟ್ಟು ನಿಲ್ಲಿಸಿ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಮತ್ತೆ ಹಾಕಿದೆ. ಮಾತು ಗೊತ್ತಾದ ಮೇಲೂ ಆ ದನಿ ತನ್ನ ಕೆಲಸ ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ. ಫೋನಿನಲ್ಲಿ ಅಂಥ ಹಾಡುಗಳು ಸಾವಿರ ಸಿಗುತ್ತವೆ. ಹಾಕುತ್ತೇನೆ, ಐದು ನಿಮಿಷದಲ್ಲಿ ಸಿಡುಕಿ ಆರಿಸುತ್ತೇನೆ. ಎಲ್ಲೂ ದೂರ ಸರಿಯುವುದಿಲ್ಲ, ಮತ್ತೆ ಹತ್ತಿರ ಬರುವುದಿಲ್ಲ. ಇಷ್ಟು ಚೊಕ್ಕವಾಗಿ ಕೇಳಿದರೆ ಅವು ನನ್ನ ಹಾಡುಗಳೇ ಅಲ್ಲ.

ಈ ಅಧ್ಯಾಯವನ್ನು ಮೂರನೆಯ ಸಲ ಹರಿದ ಮೇಲೆ ಅತ್ತೆಯನ್ನೇ ಕೇಳಿಬಿಡುವುದೆಂದು ಹೊರಟೆ. ಇಷ್ಟು ವರ್ಷ ಮದುವೆ, ಗೃಹಪ್ರವೇಶಗಳಲ್ಲಿ ಸಿಕ್ಕಿದ್ದೇನೆ, ಈ ಮಾತು ಎತ್ತಿರಲಿಲ್ಲ. ಎತ್ತಿದರೆ ಕ್ಷಮೆ ಕೇಳಬೇಕು, ಕ್ಷಮೆ ಕೇಳಲು ಏನು ಮಾಡಿದೆ ಎಂಬುದು ಖಾತ್ರಿಯಿರಬೇಕು. ಅತ್ತೆಗೆ ಈಗ ಎಂಬತ್ತರ ಹತ್ತಿರ. ಅವಳ ಮಗ ಓಂ ಬೀಚಿನಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾನೆ. ಸೀಸನ್ನಿನಲ್ಲಿ ಹಿರೇಗುತ್ತಿಯಿಂದ ಅವಳೂ ಬಂದು ಹಿಂದಿನ ಅಡುಗೆಮನೆಯಲ್ಲಿ ಕೂರುತ್ತಾಳೆ. ನಾನು ಹೋದಾಗ ಸಿಗಡಿ ಸುಲಿಯುತ್ತಿದ್ದಳು. ಹೊರಗೆ ಗಿರಾಕಿಗಳಿಗಾಗಿ ಸ್ಪೀಕರಿನಲ್ಲಿ ಯಾವುದೋ ನಿಧಾನದ ಇಂಗ್ಲಿಷ್ ಹಾಡು ನಡೆದಿತ್ತು.

"ಈ ಹಾಡು ಕೇಳ್ತಾ ಇದ್ಯಾ ಅತ್ತೆ?"

"ಕೇಳದೇ ಎಂತ ಮಾಡೂದು? ಬೆಳಗಿಂದ ಕಿವಿ ತಿಂತದೆ. ಸಣ್ಣ ಮಾಡಾ ಅಂದ್ರೆ ಕೇಳೂದಿಲ್ಲ ಅಂವ. ನೀ ಕೂತ್ಕೋ, ಸಿಗಡಿ ಸುಲಿ. ಕಾಲೇಜಿನಾಗೆ ಕಲಿಸ್ತಾರಾ ಇದ?"

ಕೂತು ಸುಲಿದೆ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನನ್ನಿಂದಾಗಿ ನೀನು ಬೈಸಿಕೊಂಡೆ, ನನ್ನಿಂದಾಗಿ ಅಪ್ಪ ನಿನ್ನನ್ನು ಬಿಟ್ಟುಕೊಟ್ಟ, ನಾನು ಬಾಯಿ ಬಿಟ್ಟಿದ್ದರೆ ನೀನು ಆ ಮನೆಗೆ ವಾಪಸು ಹೋಗಬೇಕಾಗಿರಲಿಲ್ಲ. ಅತ್ತೆ ಕೈಯ ಕೆಲಸ ಬಿಡದೆ ಕೇಳಿದಳು.

"ಮುಗೀತಾ?"

"ಮುಗೀತು."

"ನಂಗೆ ಹೋಗ್ಬೇಕಿತ್ತು."

ನನಗೆ ಅರ್ಥವಾಗಲಿಲ್ಲ.

"ಹಿರೇಗುತ್ತಿಗೆ. ನಂಗೆ ಹೋಗ್ಬೇಕಿತ್ತು. ಬಂದು ಆರು ತಿಂಗಳಿಗೇ ಸಿಟ್ಟು ಇಳಿದಿತ್ತು. ನಿಮ್ಮಪ್ಪ ಜಗಲಿ ಮೇಲೆ ನಿತ್ಕೊಂಡು ಕೇರಿಗೆಲ್ಲ ಕೇಳೂ ಹಂಗೆ ಕಳಿಸೂದಿಲ್ಲ ಅಂತಿದ್ದ. ಅಣ್ಣನ ಮಾತಿನ ಮೇಲೆ ಮಾತಾಡಿ, ಗಂಡ ಬೇಕು ಅಂತ ನಾ ಬಾಯಿ ಬಿಟ್ಟು ಹೇಳೂದಾ? ಆ ರೇಡಿಯೋದಂವ ಬೇರೆ ದಿನಾ ರಾತ್ರಿ ಬಾ, ಬಾ ಅಂತಿದ್ದ."

"ಹಾಗಾದ್ರೆ ನೀನು ನನ್ನ ಉಳಿಸೂಕೆ..."

"ನಿನ್ನ ಉಳಿಸೂಕೆ ಎಂತ ಇತ್ತು? ಒಂದು ಪೆಟ್ಟು ತಿಂತಿದ್ದೆ, ಆತು."

ಸಿಗಡಿಯ ಸಿಪ್ಪೆ ನನ್ನ ಬೆರಳಿಗೆ ಚುಚ್ಚಿತು. ನನಗೆ ಆಗ ಬಂದದ್ದು ಸಮಾಧಾನವಲ್ಲ, ರೇಗು. ಅನ್ಯಾಯಕ್ಕೆ ಒಳಗಾದ ಅತ್ತೆಯೊಬ್ಬಳನ್ನು ಹೊತ್ತುಕೊಂಡು ನಾನು ಯೂನಿವರ್ಸಿಟಿ ಮುಗಿಸಿದ್ದೆ, ಹೆಂಗಸರ ಬಗ್ಗೆ ಭಾಷಣ ಮಾಡಿದ್ದೆ, ಮದುವೆಗೆ ಬಂದ ಎರಡು ಸಂಬಂಧ ಬೇಡ ಎಂದಿದ್ದೆ. ಆ ಹಾಡುಗಳು ನನಗೆ ಹೊರಗಿನ ದಾರಿ ತೋರಿಸಿದವು ಎಂದು ನಂಬಿದ್ದೆ. ಪಕ್ಕದಲ್ಲೇ ತಲೆಯಿಟ್ಟು ಮಲಗಿದ್ದವಳಿಗೆ ಅವೇ ಹಾಡುಗಳು ಹಿರೇಗುತ್ತಿಯ ದಾರಿ ತೋರಿಸುತ್ತಿದ್ದವು.

"ಹೋಗಿ ಸುಖವಾಯ್ತಾ?" ಎಂದೆ. ಕೇಳಿದ ರೀತಿ ಒಳ್ಳೆಯದಿರಲಿಲ್ಲ.

"ಸುಖ ಎಂತ. ಅಂವನೂ ಎಲ್ಲರ ಹಂಗೆ ಕೂಗೂ ಮನ್ಶಾನೇ. ಒಂದೆರಡು ಸಲ ಮೆಲ್ಲಗೆ ಮಾತಾಡಿರ್ಬೋದು." ಅವಳು ತನ್ನಷ್ಟಕ್ಕೆ ನಕ್ಕಳು. "ಈಗ ಕಿವಿ ಬೇರೆ ಕೇಳೂದಿಲ್ಲ ಅಂವಂಗೆ. ನಾನೂ ಕೂಗೂದೇ."

"ಬೂದಿಯಲ್ಲಿ ಸೆಲ್ಲು ಇಟ್ಟದ್ದು ಯಾರು, ಅದನ್ನಾದರೂ ಹೇಳು."

"ಯಾವ ಬೂದಿ?"

"ಒಲೆಯ ಬೂದಿ. ಸೆಲ್ಲು ಬಿಸಿ ಮಾಡೂಕೆ. ಆ ಸಂಜೆ."

ಅತ್ತೆ ನನ್ನ ಮುಖ ನೋಡಿದಳು. ನೆನಪು ಮಾಡಿಕೊಳ್ಳಲು ಹೊರಟವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು, ಅವಳು ಆ ಪ್ರಯತ್ನವನ್ನೂ ಮಾಡಲಿಲ್ಲ.

"ಬಿಸಿಲಿಗೆ ಇಡ್ತಿದ್ವು ಕಾಣ್ತದೆ. ಬೂದಿ ಗೀದಿ ನಂಗೆ ಗೊತ್ತಿಲ್ಲ. ನಿಮ್ಮಪ್ಪ ಬಂದ್ನಲ್ಲ? ಬಂದ್ಮೇಲೆ ಆತು."

ನಾನು ಒತ್ತಾಯಿಸಿದೆ. ಒಲೆ ಎಲ್ಲಿತ್ತು, ಅವಳು ಸೆರಗಿನಲ್ಲಿ ಹೇಗೆ ಒರೆಸುತ್ತಿದ್ದಳು, ಅಪ್ಪ ಅಂಗೈಯಲ್ಲಿ ಸೆಲ್ಲು ಹಿಡಿದು ತೋರಿಸಿದ್ದು, ಎಲ್ಲ ಹೇಳಿದೆ. ಪಾಠ ಮಾಡುವಾಗ ಎಂದೂ ಏರದ ನನ್ನ ದನಿ ಏರಿತು. ಅವಳ ಮಗ ಬಾಗಿಲಲ್ಲಿ ಇಣುಕಿ ಹೋದ. ಅತ್ತೆಗೆ ಬೇಸರ ಬಂತು. ಸುಲಿದ ಸಿಗಡಿಗೆ ನೀರು ಹುಯ್ದು ಕೈ ತೊಳೆದುಕೊಂಡಳು.

"ಎಂತಕ್ಕೆ ಅದೆಲ್ಲ ಈಗ?"

"ಬರೀತಾ ಇದ್ದೇನೆ ಅತ್ತೆ. ಪುಸ್ತಕಕ್ಕೆ."

"ಅಷ್ಟೇನಾ? ಹಂಗಾದ್ರೆ ನಾನೇ ಇಟ್ಟೆ ಅಂತ ಬರೆ. ನಂಗೆ ಎಂತ ಆಗೂದದೆ ಈಗ? ಓದೂಕೆ ನಿಮ್ಮಪ್ಪ ಇಲ್ಲ, ಅವ್ವಿ ಇಲ್ಲ. ನೀ ಮಾಸ್ತರ್ತಿ, ನಿನ್ನ ಹೆಸ್ರು ಯಾಕೆ ಹಾಳು."

ಎಷ್ಟು ಸಲೀಸಾಗಿ ಅಂದಳು. ಮಾರ್ಗದವರೆಗೂ ಬಂದು, ನನ್ನ ಚೀಲಕ್ಕೆ ಒಣಸಿಗಡಿಯ ಪೊಟ್ಟಣ ತುರುಕಿ, ಇನ್ನೊಮ್ಮೆ ಅದನ್ನೇ ಹೇಳಿದಳು: ನಾನೇ ಅಂತ ಬರೆ, ಸುಮ್ಮನೆ ತಲೆ ಕೆಡಿಸ್ಕೋಬೇಡ. ಕುಮಟಾಕ್ಕೆ ಬರುವ ಬಸ್ಸಿನಲ್ಲಿ ಆ ಮಾತು ಕೊರೆಯುತ್ತ ಬಂತು. ಹನ್ನೊಂದರ ಹುಡುಗಿ ಆ ಜಗಲಿಯಲ್ಲಿ ಬಾಯಿ ಮುಚ್ಚಿ ನಿಂತಿದ್ದಕ್ಕೆ ಹೆದರಿಕೆ ಎಂಬ ಕಾರಣವಿತ್ತು. ಅರವತ್ತರ ಹತ್ತಿರದವಳಿಗೆ ಯಾವ ಕಾರಣವಿದೆ? ಮನೆಗೆ ಬಂದು ಡೈರಿ ತೆಗೆಯಲಿಲ್ಲ. ನೇರವಾಗಿ ಈ ಹಾಳೆ ಎಳೆದುಕೊಂಡು ಕೂತೆ.

ಆ ಸಂಜೆ ಬೂದಿಯಲ್ಲಿ ಸೆಲ್ಲು ಇಟ್ಟವಳು ನಾನು. ಇದು ನನಗೆ ನೆನಪಿದೆ ಎಂದು ಪ್ರಮಾಣ ಮಾಡಲಾರೆ. ಆದರೆ ಅತ್ತೆ ತಾನೇ ಮುಂದೆ ಬಂದು ಕೊಟ್ಟ ಹೆಸರನ್ನು ಎರಡನೆಯ ಸಲ ತೆಗೆದುಕೊಳ್ಳುವುದಿಲ್ಲ.